ಮುಡಿಗೆ ಎರಡು ದಿನ

ನನ್ನ ಬಾಯಿ ಸರಿ ಇಲ್ಲ ಅಂತ ಗುಂಡ್ಲುಪೇಟೆಯಲ್ಲಿ ಅರ್ಧ ಊರು ಹೇಳುತ್ತೆ. ಉಳಿದರ್ಧ ಊರು ಇನ್ನೂ ನನ್ನ ಕೈಗೆ ಸಿಕ್ಕಿಲ್ಲ, ಅಷ್ಟೆ. ಬೇಗೂರು ಕಡೆ ಹಳ್ಳಿಗಳಲ್ಲಿ ಅಂಗನವಾಡಿ ಟೀಚರ್ ಆಗಿದ್ದವಳು ನಾನು. ಮಕ್ಕಳ ಮೂಗು ಒರೆಸಿ, ತಾಯಂದಿರಿಗೆ ಬೈದು, ಮಕ್ಕಳ ಮೊಟ್ಟೆ ಮನೆಗೆ ಸಾಗಿಸುವವರ ಜೊತೆ ಕಾದಾಡಿ ರಿಟೈರ್ ಆದೆ. ಈಗ ಮಾಡೋದು ಒಂದೇ ಕೆಲಸ. ಕಣ್ಣಿನ ಕ್ಯಾನ್ಸರ್ ಬಂದ ಪುಟ್ಟ ಮಕ್ಕಳ ಮನೆಯವರನ್ನ ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗೋದು, ಚೀಟಿ ಎಲ್ಲಿ ಬರೆಸಬೇಕು, ಡಾಕ್ಟ್ರು ಹೇಳಿದ್ದಕ್ಕೆ ಅರ್ಥ ಏನು ಅಂತ ಬಿಡಿಸಿ ಹೇಳೋದು, ಮುಂದಿನ ಡೇಟಿಗೆ ತಪ್ಪಿಸಿಕೊಳ್ಳದ ಹಾಗೆ ಬೆನ್ನು ಹತ್ತೋದು.

"ಕಣ್ಣಿಗೂ ಕ್ಯಾನ್ಸರ್ ಬರುತ್ತಾ ಮೇಡಂ, ಅದೂ ಹಾಲು ಕುಡಿಯೋ ಕೂಸಿಗೆ?" ಅಂತ ಓದಿದವರೇ ಕೇಳ್ತಾರೆ. ಬರುತ್ತೆ ಕಣಪ್ಪ. ಗುಡ್ಡೆಯ ಒಳಗೆ ಬೆಳೆಯುತ್ತೆ. ಕಪ್ಪಗೆ ಕಾಣಬೇಕಾದ ಕಡೆ ಬೆಳ್ಳಗೆ ಹೊಳೆಯುತ್ತೆ. ಬೇಗ ಹಿಡಿದರೆ ಜೀವ ಉಳಿಯುತ್ತೆ, ಎಷ್ಟೋ ಸಲ ಕಣ್ಣೂ ಉಳಿಯುತ್ತೆ. ತಡ ಮಾಡಿದರೆ ಕಣ್ಣು ತೆಗೀಬೇಕು. ಇನ್ನೂ ತಡ ಮಾಡಿದರೆ ಮಗುವೇ ಉಳಿಯಲ್ಲ. ಇಷ್ಟು ಅರ್ಥ ಮಾಡ್ಕೊಳ್ಳೋಕೆ ಡಿಗ್ರಿ ಬೇಕಾ?

ಆಮೇಲೆ ದಾನಿಗಳು ಅಂತ ಒಂದು ಜಾತಿ ಇದೆ. ವರ್ಷಕ್ಕೊಮ್ಮೆ ಚಾಮರಾಜನಗರದಿಂದ ಬಿಳಿ ಅಂಗಿಗೆ ಗರಿಗರಿ ಇಸ್ತ್ರಿ ಹಾಕಿಸ್ಕೊಂಡು ಬರ್ತಾರೆ. ಹಿಂದೆ ಒಂದು ಬ್ಯಾನರ್, ಮುಂದೆ ಒಂದು ಸೇಬಿನ ಬುಟ್ಟಿ. ಬುಟ್ಟಿ ಹಿಡಿಯೋಕೆ ಆರು ಜನ, ತಿನ್ನೋಕೆ ಒಂದು ಮಗು. ಅವರಲ್ಲೊಬ್ಬ ಒಂದು ಸಲ, ಎರಡೂ ಕಣ್ಣಿಗೆ ಬ್ಯಾಂಡೇಜ್ ಕಟ್ಟಿದ್ದ ಮಗುವಿಗೆ, "ಪುಟ್ಟಾ, ಇಲ್ಲಿ ಕ್ಯಾಮೆರಾ ನೋಡು" ಅಂದ. "ಅದರ ಮುಖ ಯಾಕೆ ತೆಗೀತೀಯ, ನಿನ್ನ ಮುಖಾನೇ ತೆಕ್ಕೊ, ನೀನು ಬಂದಿರೋದು ಅದಕ್ಕೇ ತಾನೆ" ಅಂದೆ. ಅವತ್ತಿನಿಂದ ಅವರ ಕಾರ್ಯಕ್ರಮಕ್ಕೆ ನನ್ನನ್ನ ಕರೆಯಲ್ಲ. ಪೀಡೆ ಕಳೀತು.

ಈ ಸೊಕ್ಕು ನನಗೆ ಎಲ್ಲಿಂದ ಬಂತು ಅಂತ ಹೇಳಿಬಿಡ್ತೀನಿ. ನನ್ನ ಮಗನಿಗೆ ಒಂದೂವರೆ ವರ್ಷ ಇದ್ದಾಗ ಬಲಗಣ್ಣು ಹೊಳೆಯೋಕೆ ಶುರುವಾಯ್ತು. ಅತ್ತೆ, "ಬೆಕ್ಕಿನ ಕಣ್ಣು, ಅದೃಷ್ಟದ ಕೂಸು" ಅಂದ್ರು. ಗಂಡ, "ಇರು, ನೋಡನ" ಅಂದ್ರು. ನಮ್ಮಲ್ಲಿ ಗಂಡಸರು ಇಡೀ ಜನ್ಮ ನೋಡನ ಅಂತಲೇ ಕಳೀತಾರೆ. ನಾನು ಯಾರ ಮಾತೂ ಕೇಳಲಿಲ್ಲ. ಮಗನ್ನ ಸೊಂಟಕ್ಕೆ ಹಾಕ್ಕೊಂಡು ಬಸ್ಸು ಹತ್ತಿದೆ. ಕಣ್ಣು ತೆಗೆದ್ರು, ಮಗ ಉಳಿದ. ಈಗ ಚಾಮರಾಜನಗರದಲ್ಲಿ ಸರ್ಕಾರಿ ಕೆಲಸದಲ್ಲಿದ್ದಾನೆ. ಇಟ್ಟಿರೋ ಕಣ್ಣು ಯಾವುದು, ಹುಟ್ಟಿದ ಕಣ್ಣು ಯಾವುದು ಅಂತ ಅವನ ಸಾಹೇಬರಿಗೆ ಇವತ್ತಿಗೂ ಗೊತ್ತಿಲ್ಲ. ಆಫೀಸಿನಲ್ಲಿ ಯಾರೂ ಯಾರ ಮುಖಾನೂ ನೋಡಲ್ಲವಲ್ಲ. ಯಾರ ಮಾತೂ ಕೇಳದೆ ಹೋಗಿದ್ದಕ್ಕೆ ನನ್ನ ಮಗ ಬದುಕಿದ. ಅಂದಿನಿಂದ ಯಾರ ಮಾತೂ ಕೇಳದೇ ಇರೋದೇ ಬುದ್ಧಿವಂತಿಕೆ ಅಂತ ತಲೇಲಿ ಕೂತುಬಿಡ್ತು.

ಹೀಗಿರುವಾಗ, ನಾಲ್ಕು ವರ್ಷದ ಹಿಂದೆ, ಬೇಗೂರಿನಿಂದ ಒಳಗೆ ಒಂದು ಹಳ್ಳಿಯ ಹೆಣ್ಣುಕೂಸು ನನ್ನ ಪಾಲಿಗೆ ಬಂತು. ಎರಡು ವರ್ಷ ತುಂಬಿತ್ತು. ತಾಯಿ ಚೆಂಡುಹೂ ತೋಟದಲ್ಲಿ ಕೂಲಿ. ಕೂಸಿನ ಬಲಗಣ್ಣು ಬೆಳ್ಳಗಿದೆ ಅಂತ ಕಂಡುಹಿಡಿದವಳು ಅವಳೇ. ತಂದೆ ಬಾಳೆತೋಟದ ಕೆಲಸಕ್ಕೆ ಹೋಗ್ತಿದ್ದ. ಮನೇಲಿ ಅವನ ಬಾಯಿಂದ ಮಾತು ಬಂದಿದ್ದು ನಾನು ಕೇಳಿದ್ದು ಒಂದೇ ಸಲ, ಅದನ್ನ ಮುಂದೆ ಹೇಳ್ತೀನಿ. ಆ ಮನೆಗೆ ಯಜಮಾನಿ ಅಂದ್ರೆ ತಂದೆಯ ತಾಯಿ, ಕೂಸಿನ ಅಜ್ಜಿ. ಬಡಕಲು ಮೈ, ಎಲೆಅಡಿಕೆ ಬಾಯಿ, ಉಕ್ಕಿನಂಥ ಹಟ.

ಆಸ್ಪತ್ರೇಲಿ ನೋಡಿದ್ರು. ಬಲಗಣ್ಣು ಪೂರ್ತಿ ತುಂಬಿದೆ, ತೆಗೀಲೇಬೇಕು. ಎಡಗಣ್ಣಿನಲ್ಲೂ ಸಣ್ಣದಾಗಿ ಶುರುವಾಗಿದೆ, ಆದರೆ ಅದನ್ನ ಉಳಿಸಬಹುದು. ಮೂರು ವಾರಕ್ಕೊಂದರಂತೆ ಕೀಮೋ, ಅಂದ್ರೆ ರಕ್ತನಾಳಕ್ಕೆ ಬಿಡೋ ಔಷಧಿ, ಆರು ಸಲ ತಪ್ಪದೆ ಕೊಡಬೇಕು. ಸೋಮವಾರ ಬಂದು ಸೇರಿಕೊಳ್ಳಿ ಅಂದ್ರು. ಆ ಎಡಗಣ್ಣೇ ಈಗ ಎಲ್ಲ. ಅದು ಉಳಿದ್ರೆ ಕೂಸು ಸ್ಕೂಲಿಗೆ ಹೋಗುತ್ತೆ, ಓದುತ್ತೆ, ತನ್ನ ತಟ್ಟೆ ತಾನೇ ನೋಡ್ಕೊಂಡು ಉಣ್ಣುತ್ತೆ.

ಶುಕ್ರವಾರ ಅಜ್ಜಿ ಒಬ್ಬಳೇ ಬಸ್ಸು ಹತ್ತಿ ಗುಂಡ್ಲುಪೇಟೆಗೆ, ನಮ್ಮ ಮನೆಗೆ ಬಂತು. ಸೆರಗಿನಲ್ಲಿ ಒಂದು ಚಿಪ್ಪು ಬಾಳೆಹಣ್ಣು. ಜಗಲಿ ತುದಿಯಲ್ಲಿ ಕೂತು, "ಟೀಚರಮ್ಮ, ಒಂದ್ ಮಾತು ಕೇಳ್ಳಾ?" ಅಂತು.

"ಕೇಳು."

"ಕೂಸ್ಗ ಮಾದಪ್ಪನ ಮುಡಿ ಹರಕ ಅದ ಕಣವ್ವ. ಹುಟ್ದಾಗ್ಲಿಂದ ಕತ್ರಿ ಸೋಕ್ಸಿಲ್ಲ. ಅದರ ಸೋದರಮಾವ ರಜ ಹಾಕ್ಬುಟ್ಟು ಬಂದವ್ನ. ಎಲ್ಡು ದಿನ ಟೇಮ್ ಕೊಟ್ರ ಬೆಟ್ಟಕ್ಕೋಗಿ, ಮಾವನ ತೊಡ ಮ್ಯಾಲ ಕೂರ್ಸಿ ಮುಡಿ ಕೊಟ್ಬುಟ್ಟು, ಸೀದಾ ಆಸ್ಪತ್ರಗೇ ಬಂದ್ಬುಡ್ತೀವಿ. ಬುಧವಾರ ಅಂತ ಮಾಡ್ಸುದ್ರ ಆಯ್ತದಾ?"

ನನಗೆ ಪಿತ್ತ ನೆತ್ತಿಗೇರಿತು. "ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವಂತೆ! ಅಲ್ಲಜ್ಜಿ, ನಿಮ್ಮ ಮಾದಪ್ಪನಿಗೆ ಬೇಕಾಗಿರೋದು ಕೂದಲೋ, ಕೂಸೋ? ಕೇಳ್ಕೊಂಡು ಬಾ ಹೋಗು. ಸೋದರಮಾವನ ತೊಡೆ ಇಲ್ದಿದ್ರೆ ಕತ್ತಿ ಓಡಲ್ವಾ? ಎರಡು ದಿನ ಅಂತೀರಿ, ಆಮೇಲೆ ಅಮಾವಾಸ್ಯೆ ಅಂತೀರಿ, ಮೈಲಿಗೆ ಅಂತೀರಿ. ನಿಮ್ಮಂಥೋರನ್ನ ಎಷ್ಟು ನೋಡಿಲ್ಲ ನಾನು!"

ಅಜ್ಜಿ ತಲೆ ಬಗ್ಗಿಸಿಕೊಂಡು ಕೇಳಿಸ್ಕೊಂತು. "ನಿಮ್ಮ ಮಾತ್ನಂಗೇ ಆಗ್ಲಿ ಬುಡಿ" ಅಂತ ಎದ್ದು, ಬಾಳೆಹಣ್ಣು ಅಲ್ಲೇ ಇಟ್ಟು ಹೋಯ್ತು. ಆಸ್ಪತ್ರೆಗೆ ಒಂದು ಫೋನು ಮಾಡಿ ಡೇಟು ಮುಂದಕ್ಕೆ ಹಾಕ್ತೀರಾ ಅಂತ ಕೇಳಬಹುದಿತ್ತು. ಕೇಳಲಿಲ್ಲ. ಬದಲಿಗೆ, ಮಾವನ ತೊಡೆ ಮಾತನ್ನ ಪಕ್ಕದ ಮನೆಯವರಿಗೆಲ್ಲ ಹೇಳಿ ನಗಿಸಿದೆ.

ಇನ್ನೊಂದು ವಿಷಯ. ಆ ಔಷಧಿಗೆ ಕೂದಲು ಉದುರುತ್ತೆ ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಹೇಳಿದ್ರೆ ಇನ್ನೊಂದು ರಾಮಾಯಣ ಶುರುವಾಗುತ್ತೆ ಅಂತ ಅಜ್ಜಿಗೆ ಹೇಳಲಿಲ್ಲ. ಕೂದಲು ತಾನೆ, ಮತ್ತೆ ಬರುತ್ತೆ ಅಂದ್ಕೊಂಡೆ.

ಸೋಮವಾರ ಸೇರಿಸಿದೆ. ಬಲಗಣ್ಣು ತೆಗೆದ್ರು, ಮೊದಲನೆಯ ಕೀಮೋ ಕೊಟ್ರು, ಕೂಸು ಚೇತರಿಸಿಕೊಂಡು ಊರಿಗೆ ಬಂತು. ಎಲ್ಲ ಸುಸೂತ್ರ. ನಾನು ಎದೆ ಉಬ್ಬಿಸ್ಕೊಂಡು ಓಡಾಡಿದೆ. ಎರಡನೇ ಸಲಕ್ಕೆ ಹೋಗಬೇಕಾದ ದಿನ ಬೆಳಿಗ್ಗೆ ಬೇಗೂರಿನ ಬಸ್ ಸ್ಟಾಪಿನಲ್ಲಿ ಇಳಿದು ಕಾದೆ. ಮೂರು ಬಸ್ಸು ಹೋದವು. ಯಾರೂ ಬರಲಿಲ್ಲ. ಆಟೋ ಹಿಡಿದು ಅವರ ಮನೆಗೇ ಹೋದೆ.

ಅಜ್ಜಿ ಬಾಗಿಲಲ್ಲೇ ಕೂತಿತ್ತು. ಮಡಿಲಲ್ಲಿ ಅರಿಶಿನದ ಬಟ್ಟೆಯ ಒಂದು ಗಂಟು. ಬಿಚ್ಚಿ ತೋರಿಸಿತು. ಒಳಗೆ ಕೂಸಿನ ಕೂದಲು, ಎಣ್ಣೆ ಅಂಟಿದ ಎಳೆಎಳೆ ಕೂದಲು. ದಿಂಬಿನ ಮೇಲೆ, ಚಾಪೆ ಮೇಲೆ, ತಾಯಿಯ ಸೀರೆ ಮೇಲೆ ಬಿದ್ದಿದ್ದನ್ನೆಲ್ಲ ಒಂದೊಂದೇ ಆಯ್ದಿಟ್ಟಿತ್ತು.

"ದೇವ್ರ ಕೂದ್ಲು ಕಣವ್ವ ಇದು. ಕಂಡಕಂಡ ಕಡ ಉದ್ರೋಯ್ತು. ಮಾದಪ್ಪಂಗ ಸೇರ್ಬೇಕಾದ್ದ ನಾವ್ ಕಳ್ದ್ಬುಟ್ಟೊ. ಇನ್ನೊಂದ್ ಸೂಜಿ ಹಾಕ್ಸುದ್ರ ಇರೋದೂ ಓಯ್ತದ. ಮೊದ್ಲು ಮುಡಿ. ಆಮ್ಯಾಲ ಸೂಜಿ."

ಆಗ ನಾನು ಮಾಡಿದ್ದು ಹೇಳೋಕೆ ನಾಚಿಕೆ, ಆದರೂ ಹೇಳ್ತೀನಿ. ಬೀದಿಗೆ ಬಂದು ನಿಂತು ಕೂಗಿದೆ. "ನೋಡ್ರಪ್ಪೋ, ಈ ಮುದುಕಿ ಒಂದು ಹಿಡಿ ಕೂದಲಿಗೆ ಮೊಮ್ಮಗಳನ್ನ ಕೊಲ್ತಾ ಇದೆ! ಪೊಲೀಸ್ ಕರೆಸ್ತೀನಿ, ಮನೇನೇ ಜೈಲಿಗೆ ಹಾಕಿಸ್ತೀನಿ!" ಹಿಟ್ಟಿನ ಗಿರಣಿ ಮುಂದಿದ್ದವರು, ನಲ್ಲಿ ಹತ್ರ ಇದ್ದವರು, ಎಲ್ಲ ಬಂದು ನಿಂತ್ರು. ಅಜ್ಜಿ ಗಂಟು ಕಟ್ಟಿಕೊಂಡು ಒಳಗೆ ಹೋಯ್ತು. ಅದರ ಮಗ, ಕೂಸಿನ ತಂದೆ, ಹೊರಗೆ ಬಂದ. ಅವತ್ತೇ ಅವನ ಬಾಯಿಂದ ನಾನು ಕೇಳಿದ ಮಾತು: "ಎದ್ದೋಗಿ ಟೀಚರಮ್ಮ. ನಮ್ಮವ್ವನ ಈ ಪಾಟಿ ಬೀದೀಲಿ ನಿಲ್ಲಿಸ್ಬುಟ್ರಿ."

ಎರಡು ದಿನ ಬಿಟ್ಟು ಮತ್ತೆ ಹೋದೆ. ಕೂಸು ಮನೇಲಿ ಇರಲಿಲ್ಲ. ಎಲ್ಲಿ ಅಂದ್ರೆ ಯಾರೂ ಬಾಯಿ ಬಿಡಲಿಲ್ಲ. ಊರಿಗೆ ಊರೇ ಮೂಗ. ನನ್ನ ಕಾಟಕ್ಕೆ ಹೆದರಿ ಕೂಸನ್ನ ಬಚ್ಚಿಟ್ಟಿದ್ರು. ಮೂಢರು, ಮೂರ್ಖರು, ಮಣ್ಣುತಲೆಗಳು ಅಂತ ಕಂಡವರ ಹತ್ರವೆಲ್ಲ ಬೈಕೊಂಡು ತಿರುಗಿದೆ. ಬೈದಷ್ಟೂ ದಿನ ಹೋದವು.

ಒಂದು ತಿಂಗಳಾದ ಮೇಲೆ ಇನ್ನೊಂದು ಮಗುವನ್ನ ಕರ್ಕೊಂಡು ಆಸ್ಪತ್ರೆಗೆ ಹೋಗಿದ್ದೆ. ಡಾಕ್ಟ್ರಮ್ಮ, "ಆ ಬೇಗೂರಿನ ಪಾಪು ಯಾಕೆ ಬರ್ತಿಲ್ಲ?" ಅಂದ್ರು. ನಾನು ಕೈ ತಿರುಗಿಸುತ್ತಾ, ಮುಖ ಸೊಟ್ಟ ಮಾಡುತ್ತಾ, ಮುಡಿ ಕತೆಯೆಲ್ಲ ಹೇಳಿದೆ. ಅಜ್ಜಿ ಬಾಳೆಹಣ್ಣು ತಂದಿದ್ದು, ಎರಡು ದಿನ ಕೇಳಿದ್ದು, ನಾನು ಬೈದು ಕಳಿಸಿದ್ದು. ಡಾಕ್ಟ್ರಮ್ಮ ನಗ್ತಾರೆ ಅಂತ ನನ್ನ ಲೆಕ್ಕ. ಅವರು ಪೆನ್ನು ಕೆಳಗಿಟ್ಟು, "ಅವತ್ತೇ ಒಂದು ಮಾತು ಹೇಳಬಾರದಿತ್ತಾ? ಎರಡು ದಿನಕ್ಕೆ ಏನೂ ಆಗ್ತಿರಲಿಲ್ಲ. ಬುಧವಾರಕ್ಕೆ ಹಾಕ್ಕೊಡ್ತಿದ್ದೆ" ಅಂದ್ರು. ಅಷ್ಟೇ. ಮುಂದಿನ ಮಗುವನ್ನ ಕರೀರಿ ಅಂದ್ರು.

ನಾನು ಹೊರಗೆ ಬಂದು ಬೆಂಚಿನ ಮೇಲೆ ಕೂತೆ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅಂತ ಅಂಗನವಾಡಿ ಮಕ್ಕಳಿಗೆ ವರ್ಷವರ್ಷ ಬಾಯಿಪಾಠ ಮಾಡಿಸಿದವಳು ನಾನು. ಥೂ ನಿನ್ನ ಜನ್ಮಕ್ಕೆ ಅಂತ ನನಗೆ ನಾನೇ ಅಂದ್ಕೊಂಡೆ.

ಅದಾಗಿ ಮೂರು ದಿನಕ್ಕೆ ತಾಯಿ ಕದ್ದು ಫೋನ್ ಮಾಡಿದಳು. ಚೆಂಡುಹೂ ತೋಟದಿಂದ, ಇನ್ಯಾರದೋ ಫೋನಿನಿಂದ. "ಕೂಸು ಪುಣಜನೂರ್ಲಿ ಅದ ಟೀಚರಮ್ಮ, ನಮ್ಮ ನಾದ್ನಿ ಮನೇಲಿ. ನಾ ಏಳ್ದಿ ಅನ್ಬ್ಯಾಡಿ. ಕಣ್ಣು ಮೊದ್ಲಂಗಿಲ್ಲ." ಅಳುತ್ತಾ ಫೋನ್ ಇಟ್ಟಳು.

ಚಾಮರಾಜನಗರದಲ್ಲಿ ಇಳಿದು, ಸತ್ಯಮಂಗಲದ ಬಸ್ಸು ಹತ್ತಿ, ಪುಣಜನೂರಿಗೆ ಹೋದೆ. ದಾರಿಯುದ್ದಕ್ಕೂ ಬಾಯಿ ಮುಚ್ಚಿಕೊಂಡಿರೋದು ಹೇಗೆ ಅಂತ ಅಭ್ಯಾಸ ಮಾಡಿದೆ. ಕೂಸು ಜಗಲಿ ಮೇಲೆ ಕೂತು ತಟ್ಟೆಯಲ್ಲಿದ್ದ ಕಡ್ಲೆಪುರಿ ತಿನ್ನುತ್ತಿತ್ತು. ಆಸ್ಪತ್ರೆಗೆ ಹೋಗುವಾಗ ಬಸ್ಸಿನಲ್ಲಿ ಒಂದೊಂದೇ ಪುರಿ ಹೆಕ್ಕಿ ನನ್ನ ಬಾಯಿಗೂ ಇಟ್ಟಿದ್ದ ಕೂಸು ಅದು. ಈಗ ಅಂಗೈಯಲ್ಲಿ ತಟ್ಟೆಯೆಲ್ಲ ಸವರುತ್ತಿತ್ತು. ಪುರಿ ಸಿಕ್ಕಿದ್ರೆ ಬಾಯಿಗೆ, ಇಲ್ಲದಿದ್ರೆ ಮತ್ತೆ ಸವರೋದು.

ಅಜ್ಜಿ ನನ್ನ ನೋಡಿ ಎದ್ದು ನಿಂತಿತು. ನಾನು ಬೈತೀನಿ ಅಂತ ಕಾದಿತ್ತು. "ಅಜ್ಜಿ, ಮುಡಿ ಕೊಡನ. ನಾನೇ ಬರ್ತೀನಿ. ನಾಳೆಯೇ ಹೋಗನ" ಅಂದೆ. ಅದು ಮತ್ತೆ ಕೂತ್ಕೊಂತು. ಆಮೇಲೆ ಮೆತ್ತಗೆ, "ಮಾವ ಬರಕ್ಕಿಲ್ಲ ಅಂತವ್ನ ಕಣವ್ವ. ಕೋಪ ಮಾಡ್ಕಂಡವ್ನ. ಅಂವ ಇಲ್ದೆ ಮುಡಿ ಎಂಗ್ ಕೊಡದು?" ಅಂತು.

ಆ ಸೋದರಮಾವ ಬತ್ತೇರಿ ಕಡೆ ಶುಂಠಿ ಹೊಲದಲ್ಲಿ ಮೇಸ್ತ್ರಿ. ಮಾರನೇ ದಿನವೇ ಬಂಡೀಪುರ ದಾಟಿ ಕೇರಳಕ್ಕೆ ಹೋದೆ. ಹೊಲದ ಬದುವಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕ್ಕೊಂಡು ಮಹಾರಾಜನ ಹಾಗೆ ಕೂತಿದ್ದ. ಹತ್ತು ಜನ ಆಳುಗಳ ಮೇಲೆ ಅಧಿಕಾರ ಸಿಕ್ಕಿದ್ದಕ್ಕೆ ಮೀಸೆ ಎರಡೂ ಕಡೆ ಮೇಲಕ್ಕೆ ಹೋಗಿತ್ತು. ನನಗೆ ಕೂರೋಕೂ ಹೇಳಲಿಲ್ಲ.

"ನಾನು ರಜ ಹಾಕ್ಕಂಡ್ ಬಂದಿದ್ದೆ. ಕೂಸ್ಗ ಕಾಲ್ಗೆಜ್ಜ, ಹಸ್ರು ಲಂಗ ತಂದಿದ್ದೆ. ಬೆಟ್ಟಕ್ಕ ವ್ಯಾನ್ಗೂ ಏಳಿದ್ದೆ. 'ಬರ್ಬ್ಯಾಡ, ನಿನ್ನ ತೊಡ ಇಲ್ದೆ ಕತ್ತಿ ಓಡ್ತದ' ಅಂದ್ಬುಟ್ರು. ಈಗ ಯಾಕ ಬೇಕು ನನ್ನ ತೊಡ? ಭಾವ ಬರ್ಲಿ, ಎಲೆಅಡಿಕ ಇಟ್ಟು ಕರೀಲಿ, ಆಮ್ಯಾಲ ನೋಡನ."

ಇಲ್ಲೂ ನೋಡನ! ಅಲ್ಲಿ ಕೂಸಿನ ಕಣ್ಣು ಹೋಗ್ತಾ ಇದೆ, ಇಲ್ಲಿ ಈ ಮೀಸೆಗೆ ಮರ್ಯಾದೆ ಬೇಕು. ಬೇರೆ ದಿನ ಆಗಿದ್ರೆ ಆ ಕುರ್ಚಿ ಎಳೆದು ಬೀಳಿಸ್ತಿದ್ದೆ. ಆದರೆ ಆ ಮಾತು ಯಾರದು? ನನ್ನದೇ. ಅಜ್ಜಿ ಒಂದಕ್ಷರ ಬಿಡದೆ ತಲುಪಿಸಿತ್ತು. ಬತ್ತೇರಿ ಬಸ್ ಸ್ಟ್ಯಾಂಡಿನಲ್ಲಿ ಕೊಂಡಿದ್ದ ಎಲೆಅಡಿಕೆ ಬ್ಯಾಗಿನಿಂದ ತೆಗೆದು ಎರಡೂ ಕೈಯಲ್ಲಿ ಹಿಡಿದೆ. "ನಿನ್ನ ಭಾವ ಅಂದಿದ್ದಲ್ಲಪ್ಪ ಅದು. ನಾನು ಅಂದಿದ್ದು. ತಪ್ಪಾಯ್ತು. ಬಾ" ಅಂದೆ. ಅವನು ಸುತ್ತಲೂ ಆಳುಗಳು ನೋಡ್ತಿದ್ದಾರಾ ಅಂತ ಒಂದು ಸಲ ಖಾತ್ರಿ ಮಾಡ್ಕೊಂಡು ಎಲೆ ತಗೊಂಡ. "ಲೋಡ್ ಕಳಿಸ್ಬೇಕು ಟೀಚರೇ, ಎಂಟು ದಿನ" ಅಂದ. ಶುಂಠಿ ಕೊಳೆತು ಹೋಗುತ್ತಂತೆ. ನಾನು ಹಲ್ಲು ಕಚ್ಚಿಕೊಂಡು, ಆಗಲಿ ಅಂದೆ.

ಎಂಟು ದಿನದ ಮೇಲೆ ಮಾದಪ್ಪನ ಬೆಟ್ಟಕ್ಕೆ ಹೋದೆವು. ಹೊಸ ಬ್ಲೇಡು ನಾನೇ ತಂದಿದ್ದೆ. ಕೂಸಿನ ತಲೇಲಿ ಉಳಿದ ಒಂದಷ್ಟು ಹಳೇ ಕೂದಲು, ನಡುವೆ ಹೊಸದಾಗಿ ಬಂದ ಬೆರಳುಗುರಿನಷ್ಟು ಉದ್ದದ ತುಪ್ಪಳ. ಮುಡಿ ತೆಗೆಯೋನು, "ಇದ್ರಲ್ಲಿ ಏನವ್ವ ತೆಗೀಲಿ?" ಅಂದ. ಮಾವ ಚಕ್ಕಳಮಕ್ಕಳ ಹಾಕಿ ಕೂತು ಕೂಸನ್ನ ತೊಡೆ ಮೇಲೆ ಕೂರಿಸ್ಕೊಂಡ. ಕೂಸು ಅವನ ಮುಖ ಮುಟ್ಟಿ ಮುಟ್ಟಿ, "ಯಾರು?" ಅಂತು. ಮೀಸೆ ಮೇಸ್ತ್ರಿ ಗೊಳೋ ಅಂತ ಅತ್ತ. ಅಜ್ಜಿ ಅರಿಶಿನದ ಗಂಟನ್ನೂ ಆ ಕೂದಲಿನ ಜೊತೆ ಸೇರಿಸಿ ಕೈ ಮುಗೀತು. ಎಲ್ಲ ಸೇರಿ ಒಂದು ಲೋಟ ಟೀ ಕುಡಿಯೋಷ್ಟು ಹೊತ್ತು. ಇದಕ್ಕೆ ಎರಡು ತಿಂಗಳು ಹೋಗಿತ್ತು.

ಬೆಟ್ಟದಿಂದ ಸೀದಾ ಆಸ್ಪತ್ರೆಗೆ. ಅಜ್ಜಿ ಅವತ್ತು ಹೇಳಿದ್ದ ಹಾಗೇ. ಡಾಕ್ಟ್ರಮ್ಮ ಟಾರ್ಚು ಬಿಟ್ಟು ನೋಡಿದ್ರು, ಮತ್ತೆ ಮಂಪರು ಕೊಟ್ಟು ನೋಡಿದ್ರು. ಹೊರಗೆ ಬಂದು ನನ್ನ ಮುಖ ನೋಡದೆ ತಾಯಿ ಹತ್ರ ಮಾತಾಡಿದ್ರು. ಗಡ್ಡೆ ಒಡೆದು ಕಣ್ಣಿನ ತುಂಬ ಚೂರು ಚೂರಾಗಿ ಹರಡಿದೆ, ಇನ್ನು ಉಳಿಸಿಕೊಳ್ಳೋಕೆ ಹೋದ್ರೆ ಜೀವಕ್ಕೆ ಬರುತ್ತೆ. ಎಡಗಣ್ಣೂ ತೆಗೆದ್ರು. ಜೀವ ಉಳೀತು. ಉಳಿದ ಕೀಮೋ ಒಂದೂ ತಪ್ಪಿಸಲಿಲ್ಲ ಅವರು. ನಾನು ಬೆನ್ನು ಹತ್ತಬೇಕಾಗಲೇ ಇಲ್ಲ.

ಆಪರೇಷನ್ ಆದ ಮಾರನೇ ದಿನ ವಾರ್ಡಿನ ಹೊರಗಿನ ಬೆಂಚಿನಲ್ಲಿ ಅಜ್ಜಿ ಕೂತಿತ್ತು. ಪಕ್ಕದಲ್ಲಿ ಚಾಮರಾಜನಗರದ ಒಬ್ಬ ಬುರ್ಖಾದ ಹೆಣ್ಣುಮಗಳು, ಆ ವಾರ ನಾನೇ ಹೊಸದಾಗಿ ಕರ್ಕೊಂಡು ಬಂದಿದ್ದವಳು, ಮಡಿಲಲ್ಲಿ ಮಗು. ನಾನು ಔಷಧಿ ಚೀಟಿ ಹಿಡ್ಕೊಂಡು ಬರೋದನ್ನ ನೋಡಿ ಅಜ್ಜಿ ಕೈ ತೋರಿಸಿ ಅವಳಿಗೆ ಹೇಳಿತು.

"ಈ ಟೀಚರಮ್ಮ ಏಳ್ದಂಗ ಕೇಳವ್ವ ನೀನು. ಬಡ್ಕಂಡ್ರು ಕಣವ್ವ ಇವ್ರು, ಬೀದೀಲಿ ನಿಂತು ಬಾಯ್ ಬಾಯ್ ಬಡ್ಕಂಡ್ರು. ನಾನೇ ಕೇಳ್ನಿಲ್ಲ. ಕೂದ್ಲು ಕೂದ್ಲು ಅಂತ ಕುಣುದ್ಬುಟ್ಟಿ. ನನ್ ಮೊಮ್ಮಗ್ಳ ಕಣ್ಣ ನಾನೇ ತಿಂದ್ಬುಟ್ಟಿ."

ಅವಳು, "ಅಯ್ಯೋ ಅಜ್ಜಿ, ಇವ್ರ ಮಾತು ಕೇಳ್ಬೇಕಿತ್ತು ನೀವು" ಅಂದು, ದೊಡ್ಡ ಮರ್ಯಾದೆಯಿಂದ ನನ್ನ ಕಡೆ ನೋಡಿದಳು.

ಕಂಡಕಂಡವರಿಗೆಲ್ಲ ಬೈದ ಬಾಯಿ ನನ್ನದು. ಅವತ್ತು ಒಂದೇ ಒಂದು ಮಾತು ಆಡಬೇಕಿತ್ತು. ಅಜ್ಜಿ, ನೀನು ಎರಡು ದಿನ ಕೇಳಿದೆ, ಡಾಕ್ಟ್ರು ಕೊಡ್ತಿದ್ರು, ಕೊಡದೆ ಇದ್ದವಳು ನಾನು ಅಂತ. ಆಡಲಿಲ್ಲ. ಹೌದು ಅನ್ನೋ ಹಾಗೆ ತಲೆ ಆಡಿಸಿದೆ.

ಆ ಕೂಸಿಗೆ ಈಗ ಆರು ವರ್ಷ. ಮುದುಕಿ ಅದರ ಕೈ ಹಿಡ್ಕೊಂಡು ಓಡಾಡಿಸ್ತಾ, ಕೇಳಿದವರಿಗೆಲ್ಲ ಇವತ್ತಿಗೂ ತನ್ನದೇ ತಪ್ಪು ಅಂತ ಹೇಳ್ಕೊಂಡು ತಿರುಗ್ತಾ ಇದೆ. ನಾನು ತಿಂಗಳಿಗೊಂದು ಸಲ ಹೋಗ್ತೀನಿ, ಅದು ಕೊಟ್ಟ ಟೀ ಕುಡೀತೀನಿ, ಬರ್ತೀನಿ.